ವಿಜಯದಶಮಿಯ ಊಟದ ಮೇಜಿಗೆ ಬಾಳೆದಿಂಡಿನ ಹೂದಾನಿ

ಆಯುಧಪೂಜೆಯ ಮರುದಿನ ಬೆಳಿಗ್ಗೆ ಬೆಂಗಳೂರಿನ ಯಾವ ಬೀದಿಯಲ್ಲಿ ಹೋದರೂ ಗೇಟಿಗೆ, ಆಟೋಗೆ, ಲಾರಿಯ ಮುಂಭಾಗಕ್ಕೆ ಕಟ್ಟಿದ್ದ ಬಾಳೆಕಂದುಗಳು ಎಲೆ ಜೋತುಬಿಟ್ಟು ನಿಂತಿರುತ್ತವೆ. ಸಂಜೆಯ ಹೊತ್ತಿಗೆ ಅವೆಲ್ಲ ಒಡೆದ ಬೂದುಗುಂಬಳದ ಜೊತೆ ಕಸದ ರಾಶಿ ಸೇರುತ್ತವೆ. ಎಲೆ ಬಾಡಿದರೂ ದಿಂಡು ಬಾಡಿರುವುದಿಲ್ಲ, ಉಗುರಿನಿಂದ ಒತ್ತಿದರೆ ನೀರು ಒಸರುತ್ತದೆ. ಕೆಲವು ವರ್ಷಗಳಿಂದ ನಮ್ಮ ಮನೆಯ ವಿಜಯದಶಮಿಯ ಊಟದ ಮೇಜಿನ ನಡುವೆ ಇಡುವ ಹೂವಿನ ಅಲಂಕಾರವನ್ನು ನಾನು ಮಾಡುತ್ತಿರುವುದು ನಮ್ಮ ಗೇಟಿನಿಂದ ಬಿಚ್ಚಿದ ಆ ದಿಂಡಿನಿಂದಲೇ.

ಅಜ್ಜಿಯ ಮನೆಯಲ್ಲಿ ಹಬ್ಬದೂಟವೆಂದರೆ ನೆಲದ ಮೇಲೆ ಸಾಲಾಗಿ ಹಾಸಿದ ಬಾಳೆಯೆಲೆ ಮತ್ತು ಎಲೆಯ ಸುತ್ತ ಎಳೆದ ರಂಗೋಲಿ. ಎರಡು ಸಾಲುಗಳ ನಡುವಿನ ಜಾಗ ಬಡಿಸುವವರು ಓಡಾಡುವುದಕ್ಕೆ ಬೇಕಾಗಿದ್ದರಿಂದ ಅಲ್ಲಿ ಏನನ್ನಾದರೂ ಇಡುವ ಪ್ರಶ್ನೆಯೇ ಇರಲಿಲ್ಲ. ಹಿರಿಯರ ಮಂಡಿನೋವು ಊಟವನ್ನು ಮೇಜಿಗೆ ಏರಿಸಿದ ಮೇಲೆ, ನಡುವೆ ಉಳಿದ ಬರಿಯ ಹಲಗೆ ಹಬ್ಬದ ದಿನ ಕಣ್ಣಿಗೆ ಬಿಕೋ ಎನ್ನಿಸತೊಡಗಿತು. ಮೊದಲ ಸಲ ಹೂವಿನ ಅಂಗಡಿಯಿಂದ ಗ್ಲಾಡಿಯೋಲಸ್ ಮತ್ತು ಸುಗಂಧರಾಜದ ಎತ್ತರದ ಬುಟ್ಟಿಯೊಂದನ್ನು ತಂದಿಟ್ಟೆ. ಆಚೆ ತುದಿಯಲ್ಲಿ ಕುಳಿತಿದ್ದ ಮಾವನವರು ಹೂವಿನ ಸಂದಿಯಿಂದ ಇಣುಕಿ ತೊವ್ವೆ ಕೇಳಬೇಕಾಯಿತು. ಹೋಳಿಗೆಯ ಮೇಲೆ ಬಿದ್ದ ಬಿಸಿ ತುಪ್ಪದ ಪರಿಮಳವನ್ನು ಸುಗಂಧರಾಜ ಪೂರ್ತಿಯಾಗಿ ನುಂಗಿ ಹಾಕಿತು. ಊಟದ ಮೇಜಿನ ಹೂವು ಒಂದು ಗೇಣಿಗಿಂತ ಎತ್ತರವಿರಬಾರದು, ಅಡುಗೆಯೊಡನೆ ವಾಸನೆಯಲ್ಲಿ ಸ್ಪರ್ಧಿಸಬಾರದು ಎಂಬ ನನ್ನ ಎರಡು ಕಟ್ಟಳೆಗಳು ಹುಟ್ಟಿದ್ದು ಆ ದಿನವೇ. ಆ ಬುಟ್ಟಿಯ ತಳದಲ್ಲಿದ್ದ ಹಸಿರು ಫೋಮ್ ಇಟ್ಟಿಗೆಯೂ ನನಗೆ ಹಿಡಿಸಲಿಲ್ಲ. ಅದು ಒಂದು ಬಗೆಯ ಪ್ಲಾಸ್ಟಿಕ್. ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತದೆಯೇ ಹೊರತು ಗೊಬ್ಬರದ ಗುಂಡಿಯಲ್ಲಿ ಕೊಳೆಯುವುದಿಲ್ಲ.

ಬಾಳೆದಿಂಡು ಆ ಫೋಮಿನ ಕೆಲಸವನ್ನು ಸಲೀಸಾಗಿ ಮಾಡುತ್ತದೆ, ಏಕೆಂದರೆ ಅದು ಒಂದರ ಮೇಲೊಂದು ಸುತ್ತಿಕೊಂಡ ಪಟ್ಟೆಗಳ ಕಟ್ಟು, ಪ್ರತಿ ಪಟ್ಟೆಯೊಳಗೂ ಜೇನುಗೂಡಿನಂಥ ಪುಟ್ಟ ಕೋಣೆಗಳಿದ್ದು ಇಡೀ ದಿಂಡೇ ತೇವದಿಂದ ತುಂಬಿರುತ್ತದೆ. ಮುಂಗೈ ಗಾತ್ರದ ಕಂದನ್ನು ಆರಿಸಿ, ಧೂಳು ಹಿಡಿದ ಹೊರಗಿನ ಎರಡು ಪಟ್ಟೆಗಳನ್ನು ಸುಲಿದು, ಒಂದೂವರೆ ಗೇಣುದ್ದದ ತುಂಡು ಮಾಡಿ, ಅದನ್ನು ಉದ್ದಕ್ಕೆ ಸೀಳುತ್ತೇನೆ. ಸೀಳಿದ ಚಪ್ಪಟೆ ಭಾಗ ಕೆಳಗಾಗುವಂತೆ ಹಿತ್ತಾಳೆ ತಟ್ಟೆಯಲ್ಲಿ ಇಟ್ಟರೆ ದಿಂಡು ಉರುಳುವುದಿಲ್ಲ. ಹೂವಿನ ತೊಟ್ಟನ್ನು ನೇರವಾಗಿ ಒತ್ತಿದರೆ ಅದು ಅರ್ಧದಲ್ಲೇ ಮುರಿಯುತ್ತದೆ; ಮೊದಲು ದಬ್ಬಳದಿಂದ ಓರೆಯಾಗಿ ತೂತು ಮಾಡಿ, ಆಮೇಲೆ ತೊಟ್ಟನ್ನು ಇಳಿಸಬೇಕು. ತೊಟ್ಟೇ ಇಲ್ಲದ ಹೂವಿಗೆ ಹೊಸ ಪೊರಕೆಯಿಂದ ಎಳೆದ ತೆಂಗಿನಕಡ್ಡಿಯ ತುಂಡನ್ನು ಚುಚ್ಚಿದರೆ ಸಾಕು. ಕೆಳ ಅಂಚಿನಿಂದ ಆರಂಭಿಸಿ ಬೆನ್ನಿನ ಕಡೆಗೆ ಏರುತ್ತಾ ಬರುವುದು ಒಳ್ಳೆಯದು. ಮೇಲಿನಿಂದ ಶುರು ಮಾಡಿದವರಿಗೆ ಅಂಚಿನ ಹೊತ್ತಿಗೆ ಹೂವು ಮುಗಿದಿರುತ್ತದೆ, ಇದು ಅನುಭವದ ಮಾತು. ಹಾಗೆಯೇ ಉಳಿದ ಬಿಡುವುಗಳಲ್ಲಿ, ತೋರಣಕ್ಕೆ ಹೆಚ್ಚಾದ ಮಾವಿನೆಲೆಗಳನ್ನು ಬೀಡಾದಂತೆ ಸುರುಳಿ ಸುತ್ತಿ ಕಡ್ಡಿಯಿಂದ ಸಿಕ್ಕಿಸುತ್ತೇನೆ.

ಹೂವಿನಲ್ಲಿ ನನ್ನ ಮೆಚ್ಚಿನದು ಹಳದಿ ಸೇವಂತಿಗೆ. ಅದರ ವಾಸನೆ ಮೆದುವಾದದ್ದು, ಹೂವು ಮರುದಿನಕ್ಕೂ ಮುಖ ಬಾಡಿಸುವುದಿಲ್ಲ. ದಾಸವಾಳ ಎಷ್ಟೇ ಚೆಂದವಿದ್ದರೂ ಸಂಜೆಗೆ ಮುದುಡಿಕೊಳ್ಳುತ್ತದೆ. ಸೇವಂತಿಗೆಯ ನಡುವೆ ಅಲ್ಲಲ್ಲಿ ಒಂದೊಂದು ಗೊಂಚಲು ಕನಕಾಂಬರ ಇಡುತ್ತೇನೆ. ಕೆಂಬಣ್ಣಕ್ಕೆ ಕೆಂಬಣ್ಣವೂ ಆಯಿತು, ವಾಸನೆಯ ಕಾಟವೂ ಇಲ್ಲ. ಹಣ್ಣಿನ ಬುಟ್ಟಿಯನ್ನು ಮಾತ್ರ ಇದರ ಪಕ್ಕದಲ್ಲಿ ಇಡಬಾರದು, ಏಕೆಂದರೆ ಮಾಗಿದ ಬಾಳೆಹಣ್ಣು ಮತ್ತು ಸೇಬುಗಳಿಂದ ಹೊರಡುವ ಎಥಿಲೀನ್ ಅನಿಲ ಹೂವನ್ನು ಬೇಗ ಬಾಡಿಸುತ್ತದೆ.

ಖರ್ಚಿನ ಗುಟ್ಟು ಹೂ ಕೊಳ್ಳುವ ಹೊತ್ತಿನಲ್ಲಿದೆ. ಆಯುಧಪೂಜೆಯ ಹಿಂದಿನ ದಿನ ಕೆ.ಆರ್. ಮಾರುಕಟ್ಟೆಯಲ್ಲಾಗಲಿ ಗಾಂಧಿ ಬಜಾರಿನಲ್ಲಾಗಲಿ ಸೇವಂತಿಗೆಯ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಪೂಜೆಯ ದಿನ ಸಂಜೆ, ಉಳಿದ ಹೂವನ್ನು ಖಾಲಿ ಮಾಡುವ ಆತುರದಲ್ಲಿ ಬುಟ್ಟಿಯವರೇ ಕೂಗಿ ಕರೆಯುತ್ತಾರೆ. ಕಳೆದ ವರ್ಷ ನನಗೆ ಬಿಡಿ ಸೇವಂತಿಗೆ ಅರ್ಧ ಕಿಲೋಗೆ 60 ರೂಪಾಯಿ, ಒಂದು ಮೊಳ ಕನಕಾಂಬರಕ್ಕೆ 30 ರೂಪಾಯಿ ಬಿತ್ತು. ದಾರ ಎಳೆದರೆ ಕನಕಾಂಬರದ ಹೂವು ಹರಿಯುತ್ತದೆ, ಆದ್ದರಿಂದ ಗಂಟುಗಳ ನಡುವೆ ಕತ್ತರಿ ಹಾಕಬೇಕು. ಅಂತೂ 90 ರೂಪಾಯಿಯಲ್ಲಿ ಎಂಟು ಜನರ ಮೇಜು ತುಂಬಿತು.

ದಿಂಡಿನ ಎರಡು ಬದಿಗೂ ಒಂದೊಂದು ಗಾಜಿನ ಲೋಟದ ದೀಪ. ಲೋಟದ ಮುಕ್ಕಾಲು ಭಾಗ ನೀರು, ಅದರ ಮೇಲೆ ಬೆರಳಿನ ಅರ್ಧ ಗೆಣ್ಣಿನಷ್ಟು ಎಣ್ಣೆ, ಎಣ್ಣೆಯ ಮೇಲೆ ತೇಲುವ ಬೆಂಡಿನ ಬಿಲ್ಲೆಯಲ್ಲಿ ಸಣ್ಣ ಬತ್ತಿ. ಬಿಲ್ಲೆಗೆ ಅಲ್ಯೂಮಿನಿಯಂ ಹಾಳೆ ಸುತ್ತದಿದ್ದರೆ ಬೆಂಡೇ ಸುಟ್ಟುಹೋಗುತ್ತದೆ. ಎಣ್ಣೆ ತೀರಿದಾಗ ಬತ್ತಿ ನೀರಿಗೆ ತಾಗಿ ಚಟಪಟ ಎಂದು ತಾನಾಗಿಯೇ ಆರುತ್ತದೆ. ಲೋಟದ ಅಂಚು ಜ್ವಾಲೆಗಿಂತ ಎತ್ತರವಿದ್ದರೆ ಫ್ಯಾನನ್ನು ನಿಧಾನವಾಗಿ ತಿರುಗಲು ಬಿಡಬಹುದು. ಹೋಳಿಗೆಯೂಟಕ್ಕೆ ಕುಳಿತವರಿಗೆ ಫ್ಯಾನ್ ಆರಿಸುವ ಮನೆಯವರ ಮೇಲೆ ಪ್ರೀತಿ ಉಳಿಯುವುದಿಲ್ಲ.

ನ್ಯೂಜೆರ್ಸಿಯಲ್ಲಿರುವ ಗೆಳತಿಗೆ ಬಾಳೆಕಂದು ಎಲ್ಲಿಂದ ಬರಬೇಕು? ಆದರೆ ದಸರೆಯ ಹೊತ್ತಿಗೆ ಅಲ್ಲಿನ ದಿನಸಿ ಅಂಗಡಿಗಳ ಮುಂದೆ ಕುಂಡಗಳಲ್ಲಿ ಮಾರುವ 'ಮಮ್ಸ್' ನಮ್ಮ ಸೇವಂತಿಗೆಯ ಬಳಗದ್ದೇ. ಅವಳು ಅದನ್ನು ಗೇಣುದ್ದಕ್ಕೆ ಕತ್ತರಿಸಿ, ಊರಿನಿಂದ ಒಯ್ದ ಹಿತ್ತಾಳೆ ತಂಬಿಗೆಯಲ್ಲಿ ಇಡುತ್ತಾಳೆ. ಸಂಕ್ರಾಂತಿಗೆ ನಾನು ದಿಂಡಿನ ಬದಲು ಕಬ್ಬಿನ ತುಂಡುಗಳನ್ನು ಜೋಡಿಸಿ ನಡುವೆ ಸಕ್ಕರೆ ಅಚ್ಚುಗಳನ್ನು ಇಡುತ್ತೇನೆ, ಅದು ಮಕ್ಕಳ ಕೈಯಿಂದ ಊಟದವರೆಗೆ ಉಳಿದರೆ ಪುಣ್ಯ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಬಾಳೆಯ ಸೊನೆ ಬಟ್ಟೆಗೆ ತಾಗಿದರೆ ಕಂದು ಕಲೆಯಾಗುತ್ತದೆ, ಆ ಕಲೆ ಹೋಗುವುದಿಲ್ಲ. ಮೊದಲ ವರ್ಷ ನಾನು ಕತ್ತರಿಸಿದ ದಿಂಡನ್ನು ತಟ್ಟೆಯಿಲ್ಲದೆ, ಅತ್ತೆಯವರು ಕೊಟ್ಟಿದ್ದ ಬಿಳಿಯ ಮೇಜುಬಟ್ಟೆಯ ಮೇಲೆಯೇ ಇಟ್ಟಿದ್ದೆ. ನಿಂಬೆರಸ, ಉಪ್ಪು, ಬಿಸಿಲು ಯಾವುದೂ ಕೆಲಸ ಮಾಡಲಿಲ್ಲ. ಈಗ ದಿಂಡನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಸೊನೆ ಒರೆಸಿ, ತಟ್ಟೆಯಲ್ಲಿ ಇಡುತ್ತೇನೆ. ಬಟ್ಟೆ ಅದೇ, ಪ್ರತಿ ವರ್ಷವೂ ತಟ್ಟೆಯನ್ನು ಸರಿಯಾಗಿ ಆ ಕಲೆಯ ಮೇಲೆಯೇ ಇಡುತ್ತೇನೆ.