ವಿಲ್ ಬರೆದರೆ ಬೇಗ ಸಾಯ್ತಾರಂತೆ, ಹೌದಾ?

ಕೇಳುವವರು ನಗುತ್ತಲೇ ಕೇಳುತ್ತಾರೆ. ಆದರೆ ಉತ್ತರ ಸಿಗುವ ತನಕ ಪೆನ್ನು ಮುಟ್ಟುವುದಿಲ್ಲ. ಇಲ್ಲ, ಸಾಯುವುದಿಲ್ಲ. ವಿಲ್ ಬರೆದಿಟ್ಟು ಇಪ್ಪತ್ತು ವರ್ಷ ಗಟ್ಟಿಮುಟ್ಟಾಗಿದ್ದು, ನಡುವೆ ಮಕ್ಕಳ ಮೇಲೆ ಮುನಿಸು ಬಂದಾಗಲೆಲ್ಲ ಅದನ್ನು ಬದಲಾಯಿಸಿದವರು ಬೇಕಾದಷ್ಟಿದ್ದಾರೆ. ಎಷ್ಟು ಸಲ ಬರೆದರೂ ಕೊನೆಯದ್ದೇ ಊರ್ಜಿತ.

ಕಷ್ಟವಿರುವುದು ಬರೆಯದೇ ಹೋದವರದ್ದು. ಅವರು ಹೋಗಿಯೂ ಹೋಗಿರುವುದಿಲ್ಲ. ಆಸೆ ಉಳಿದವರು ದೆವ್ವವಾಗಿ ಹುಣಸೆಮರ ಹಿಡಿಯುತ್ತಾರೆ ಅನ್ನುವುದು ಹಳೇ ಮಾತು. ಈಗಿನ ದೆವ್ವಗಳ ವಿಳಾಸ ಪಹಣಿಯಲ್ಲಿ ಯಜಮಾನರ ಹೆಸರಿರುವ ಒಂಬತ್ತನೇ ಕಾಲಂ. ತಾತ ತೀರಿಕೊಂಡು ನಲವತ್ತು ವರ್ಷವಾಗಿರುತ್ತದೆ, ಮೊಮ್ಮಗ ಬೆಳೆಸಾಲಕ್ಕೆ ಹೋದಾಗ ಜಮೀನಿನ ಯಜಮಾನ ಇನ್ನೂ ಅವರೇ. ರಾಜ್ಯದಲ್ಲಿ ಇಂಥ ಪಹಣಿಗಳು ಲಕ್ಷಗಟ್ಟಲೆ ಇವೆ.

ವಿಲ್‌ಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಕೇಳುವುದು ಬರೆದವರ ಸಹಿ ಅಥವಾ ಹೆಬ್ಬೆಟ್ಟು, ಜೊತೆಗೆ ಕನಿಷ್ಠ ಇಬ್ಬರು ಸಾಕ್ಷಿಗಳು. ಸಾಕ್ಷಿಗಳು ಒಳಗಿನ ವಿಷಯ ಓದಬೇಕಾಗಿಲ್ಲ. ನೀವು ಸಹಿ ಹಾಕಿದ್ದನ್ನು ನೋಡಿ, ನಿಮ್ಮೆದುರೇ ತಾವೂ ಹಾಕಬೇಕು, ಅಷ್ಟೇ.

ಎಡವಟ್ಟಾಗುವುದು ಸಾಕ್ಷಿಯ ಆಯ್ಕೆಯಲ್ಲೇ. ಗೌರವಸ್ಥರು ಬೇಕೆಂದು ಪಕ್ಕದ ಮನೆಯ ಎಂಬತ್ತರ ಹಿರಿಯರನ್ನು ಕರೆಯುತ್ತಾರೆ. ನಾಳೆ ವ್ಯಾಜ್ಯ ಬಂದರೆ ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿನಲ್ಲಿ ನಿಂತು ಹೇಳಬೇಕು. ಇಬ್ಬರೂ ನಿಮಗಿಂತ ಮುಂಚೆ ಹೊರಟಿದ್ದರೆ ಸಮನ್ಸ್ ಜಾರಿ ಮಾಡಲು ಅಮೀನ ಯಮಲೋಕಕ್ಕೇ ಹೋಗಬೇಕು. ಆಗ ಅವರ ಕೈಬರಹ ಗುರುತಿಸುವವರನ್ನು ಹುಡುಕುತ್ತಾ ಕೂರುವ ಕರ್ಮ ಮಕ್ಕಳದ್ದು. ಹಾಗಾಗಿ ನಿಮಗಿಂತ ಹದಿನೈದು ವರ್ಷವಾದರೂ ಚಿಕ್ಕವರನ್ನು ಆರಿಸಿ. ಒಬ್ಬರು ನಿಮ್ಮನ್ನು ನೋಡುವ ಡಾಕ್ಟರಾಗಿದ್ದರೆ ಇನ್ನೂ ಒಳ್ಳೆಯದು, 'ಅವರಿಗೆ ಬುದ್ಧಿ ಸ್ವಾಧೀನದಲ್ಲಿತ್ತು' ಎಂದು ಅವರು ಹೇಳಿದರೆ ಅದಕ್ಕೊಂದು ತೂಕವಿರುತ್ತದೆ.

ಆಸ್ತಿ ಪಡೆಯುವ ಮಗನೇ ಓಡಾಡಿ ಬರೆಸಿ, ಸಾಕ್ಷಿಗಳನ್ನೂ ಅವನೇ ಕರೆತರುವುದು ಇನ್ನೊಂದು ತಪ್ಪು. ಹಳೇ ಮೈಸೂರಿನಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1958ರಲ್ಲೇ ಇದನ್ನು ಹೇಳಿಬಿಟ್ಟಿದೆ: ಲಾಭ ಪಡೆಯುವವರೇ ವಿಲ್ ಬರೆಸಲು ಮುಂದೆ ನಿಂತಿದ್ದರೆ ಅನುಮಾನ ಪರಿಹರಿಸುವ ಹೊಣೆಯೂ ಅವರದ್ದೇ. ಆ ವಿಲ್ ನಿಲ್ಲಲಿಲ್ಲ.

ಒಳಗೆ ಬರೆಯುವಾಗ ಜಮೀನಾದರೆ ಸರ್ವೆ ನಂಬರು, ಎಕರೆ-ಗುಂಟೆ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಎಲ್ಲವೂ ಇರಲಿ. 'ಹಳ್ಳದ ಪಕ್ಕದ ಹೊಲ' ಅಂದರೆ ಸಾಲದು, ಹಳ್ಳಕ್ಕೆ ಎರಡು ಪಕ್ಕ. ಪಿತ್ರಾರ್ಜಿತವಾದರೆ ನಿಮ್ಮ ಪಾಲಿಗಷ್ಟೇ ಕೈ ಹಾಕಬಹುದು. ಒಡವೆಯನ್ನು ಹೆಸರು, ತೂಕ ಸಮೇತ ಬರೆಯಿರಿ. 'ಎರಡು ಬಳೆ, ಮೂವರು ಹೆಣ್ಣುಮಕ್ಕಳಿಗೆ ಸಮನಾಗಿ' ಎಂದು ಬರೆದಿಟ್ಟು ಹೋದ ತಾಯಿಯ ಆತ್ಮಕ್ಕೆ ಶಾಂತಿ ಸಿಗುವುದುಂಟೇ? ಯಾರ ಹೆಸರಿಗೆ ಬರೆದಿದ್ದೀರೋ ಅವರು ನಿಮಗಿಂತ ಮೊದಲೇ ಹೋದರೆ ಆ ಪಾಲು ಯಾರಿಗೆ, ಇಲ್ಲಿ ಹೆಸರಿಸದೆ ಉಳಿದದ್ದು ಯಾರಿಗೆ, ಈ ಎರಡು ಸಾಲು ಮರೆಯಬೇಡಿ. ಪ್ರತಿ ಪುಟಕ್ಕೂ ಸಹಿ ಇರಲಿ. ಬರೆದದ್ದನ್ನು ಒಯ್ದು ಬ್ಯಾಂಕ್ ಲಾಕರಿನಲ್ಲಿ ಮಾತ್ರ ಇಡಬೇಡಿ. ನಾಮಿನಿ ಇಲ್ಲದ ಲಾಕರಾದರೆ ತೆರೆಯಲು ವಿಲ್ ಬೇಕು, ವಿಲ್ ಲಾಕರಿನೊಳಗೆ!

ನಾಮಿನಿ ಇದ್ದರೆ ಸಾಕಲ್ಲವೇ ಎಂದು ಕೇಳುವವರೂ ಇದ್ದಾರೆ. ಸಾಲದು. ಸಾಮಾನ್ಯವಾಗಿ ನಾಮಿನಿ ಕಾವಲುಗಾರ, ಮಾಲೀಕನಲ್ಲ. ಷೇರುಗಳ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಇದನ್ನೇ ಹೇಳಿತು. 2025ರ ನವೆಂಬರ್‌ನಿಂದ ಬ್ಯಾಂಕ್ ಖಾತೆಗೆ ನಾಲ್ವರು ನಾಮಿನಿಗಳನ್ನು ಇಡಬಹುದು. ಯಾರೂ ಇಲ್ಲದೆ, ಯಾರೂ ಕೇಳದೆ ಹತ್ತು ವರ್ಷ ಕಳೆದರೆ ಆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಅಲ್ಲಿಂದ ವಾಪಸ್ ಪಡೆಯಬಹುದು, ಎಲ್ಲಿದೆ ಎಂದು ರಿಸರ್ವ್ ಬ್ಯಾಂಕಿನದ್ದೇ ಉದ್ಗಮ್ ಪೋರ್ಟಲ್‌ನಲ್ಲಿ ಹುಡುಕಬಹುದು.

ಇನ್ನು ಎಟಿಎಂ. ತಿಥಿ ಖರ್ಚಿಗೆಂದು ಅಪ್ಪನ ಕಾರ್ಡಿನಲ್ಲಿ ದುಡ್ಡು ತೆಗೆಯುವುದು ಸಾಮಾನ್ಯ. ಹನ್ನೊಂದನೇ ದಿನ ಬೆಳಗ್ಗೆ ಅಪ್ಪ ಹತ್ತು ಸಾವಿರ ಡ್ರಾ ಮಾಡಿದರು ಎಂದು ಪಾಸ್‌ಬುಕ್ಕಿನಲ್ಲಿ ಅಚ್ಚಾಗುತ್ತದೆ. ದೆವ್ವ ಇದೆ ಅನ್ನುವುದಕ್ಕೆ ಇದಕ್ಕಿಂತ ಲಿಖಿತ ಪುರಾವೆ ಬೇಕೆ? ತಮಾಷೆ ಅಲ್ಲಿಗೇ ಮುಗಿಯುವುದಿಲ್ಲ, ಉಳಿದ ವಾರಸುದಾರರು ಲೆಕ್ಕ ಕೇಳುತ್ತಾರೆ. ಮೊದಲು ಬ್ಯಾಂಕಿಗೆ ತಿಳಿಸಿ.

ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ತಡವಾದಷ್ಟೂ ಶುಲ್ಕ ಮತ್ತು ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಹೆಸರು ಪಹಣಿಯಲ್ಲಿ ಸಿದ್ದಪ್ಪ, ಆಧಾರಿನಲ್ಲಿ ಸಿದ್ಧಪ್ಪ, ಪಾಸ್‌ಬುಕ್ಕಿನಲ್ಲಿ ಸಿದ್ದಪ್ಪ ಎಸ್ ಎಂದಿದ್ದರೆ ಕಾಗದದ ಮಟ್ಟಿಗೆ ಸತ್ತವರು ಒಬ್ಬರೇ, ಇನ್ನಿಬ್ಬರು ಬದುಕಿದ್ದಾರೆ. ಇದನ್ನು ಬದುಕಿರುವಾಗಲೇ ಸರಿಪಡಿಸಿಕೊಳ್ಳುವುದು ಸುಲಭ.

ಇದರ ತಿರುವುಮುರುವೂ ಉಂಟು. ಉತ್ತರ ಪ್ರದೇಶದ ಆಜಂಗಢದ ಲಾಲ್ ಬಿಹಾರಿ ಬದುಕಿದ್ದಾಗಲೇ ಜಮೀನಿನ ದಾಖಲೆಯಲ್ಲಿ ಸತ್ತಿದ್ದರು. 'ಮೃತಕ' ಎಂದು ಹೆಸರಿಗೇ ಸೇರಿಸಿಕೊಂಡು, ತಮ್ಮಂಥವರ ಸಂಘ ಕಟ್ಟಿ, 1994ರಲ್ಲಿ ಮತ್ತೆ ಬದುಕಿ ಬಂದರು. 2003ರಲ್ಲಿ ಇಗ್ ನೊಬೆಲ್ (ನೊಬೆಲ್‌ನ ಅಣಕು) ಶಾಂತಿ ಪ್ರಶಸ್ತಿಯೂ ಬಂತು.

ಕೊನೆಗೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ತೊಂಬತ್ತರ ದಶಕದಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ಹಿಂದಕ್ಕೆ ಕಳಿಸುತ್ತಿದ್ದರು. ಈಗ ಅದೇ ಮಾತು ಕೌಂಟರಿನೊಳಗಿಂದ ಮಕ್ಕಳಿಗೆ ಕೇಳಿಸುತ್ತದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ವಾರಸುದಾರರ ಆಧಾರ್, ಇದ್ದರೆ ವಿಲ್. ಎಲ್ಲದರದ್ದೂ ಒಂದೊಂದು ಜೆರಾಕ್ಸ್ ಹೆಚ್ಚಿಗೇ ಇಟ್ಟುಕೊಂಡು ಹೋಗಿ.