‘ಮಾಡರ್ನ್ ವಾರ್‌ಫೇರ್’ ನಿಜವಾದ ಯುದ್ಧದ ಥರಾನೇ ಇದೆಯಾ?

ನಾನು ಗೇಮ್‌ಗಳ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಆ ಕಾಲ್ ಆಫ್ ಡ್ಯೂಟಿ ಇದೆಯಲ್ಲ, ಮಾಡರ್ನ್ ವಾರ್‌ಫೇರ್, ಅದು ನಿಜವಾದ ಯುದ್ಧದ ಥರಾನೇ ಇದೆ ಅಂತಾರೆ. ಹೌದಾ?" ಮೊಬೈಲಿನಲ್ಲಿ ಪಬ್‌ಜಿ ಆಡಿ ಬೆಳೆದು ಈಗ ಕಂಪ್ಯೂಟರ್ ಕೊಂಡಿರುವ ಹುಡುಗರು ಕೇಳುತ್ತಾರೆ. ಮಗ ಹೆಡ್‌ಫೋನ್ ಹಾಕಿಕೊಂಡು ನಡುರಾತ್ರಿವರೆಗೂ ಕೂರುವುದನ್ನು ನೋಡಿ ಗಾಬರಿಯಾದ ಅಪ್ಪ ಅಮ್ಮಂದಿರೂ ಕೇಳುತ್ತಾರೆ.

ಅವರು ಕೇಳುವುದು 2019ರ ಅಕ್ಟೋಬರ್ 25ರಂದು ಬಂದ ಗೇಮ್ ಬಗ್ಗೆ. ಮಾಡಿದ್ದು ಅಮೆರಿಕದ ಇನ್ಫಿನಿಟಿ ವಾರ್ಡ್, ಹೊರತಂದಿದ್ದು ಆಕ್ಟಿವಿಷನ್. ಇದೇ ಕಂಪನಿ 2007ರಲ್ಲಿ ‘ಕಾಲ್ ಆಫ್ ಡ್ಯೂಟಿ 4: ಮಾಡರ್ನ್ ವಾರ್‌ಫೇರ್’ ಅಂತ ಒಂದು ಗೇಮ್ ಮಾಡಿತ್ತು. 2019ರದ್ದು ಅದರ ಹೆಸರನ್ನೂ ಕ್ಯಾಪ್ಟನ್ ಪ್ರೈಸ್ ಎಂಬ ಪಾತ್ರವನ್ನೂ ಉಳಿಸಿಕೊಂಡು, ಕಥೆಯನ್ನು ಹೊಸದಾಗಿ ಶುರು ಮಾಡಿತು.

ನನ್ನ ಉತ್ತರ ಇದು. ಬಂದೂಕಿನ ವಿಷಯದಲ್ಲಿ ಬಹುಮಟ್ಟಿಗೆ ಹೌದು. ಕತ್ತಲೆ ಮನೆಯೊಳಗೆ ಕಾಲಿಡುವ ಭಯದ ವಿಷಯದಲ್ಲಿ ಖಂಡಿತ ಹೌದು. ಆದರೆ ಯುದ್ಧದಲ್ಲಿ ಯಾರು ಯಾರಿಗೆ ಏನು ಮಾಡಿದರು ಅನ್ನುವ ವಿಷಯಕ್ಕೆ ಬಂದಾಗ ಈ ಗೇಮ್ ಸುಳ್ಳು ಹೇಳುತ್ತದೆ. ಮೊದಲ ಎರಡರಲ್ಲಿ ಅಷ್ಟೊಂದು ಶ್ರದ್ಧೆ ಇರುವುದರಿಂದಲೇ ಮೂರನೆಯದು ನನಗೆ ಜಾಸ್ತಿ ಬೇಜಾರು ತರಿಸುತ್ತದೆ.

ಬಂದೂಕಿನಿಂದಲೇ ಶುರು ಮಾಡುತ್ತೇನೆ. ಎಂ4 ರೈಫಲ್ ಕೈಯಲ್ಲಿದೆ ಅಂದುಕೊಳ್ಳಿ. ಮ್ಯಾಗಜೀನಿನಲ್ಲಿ, ಅಂದರೆ ಗುಂಡು ತುಂಬುವ ಡಬ್ಬಿಯಲ್ಲಿ, ಇನ್ನೂ ಗುಂಡು ಇರುವಾಗಲೇ ರೀಲೋಡ್ ಮಾಡಿದರೆ ಹಳೆಯದನ್ನು ತೆಗೆದು ಹೊಸದನ್ನು ಸಿಕ್ಕಿಸಿದರಾಯಿತು. ಪೂರ್ತಿ ಖಾಲಿಯಾಗಿದ್ದರೆ ಗುಂಡನ್ನು ನಳಿಗೆಗೆ ತಳ್ಳುವ ಬೋಲ್ಟ್ ಹಿಂದಕ್ಕೆ ಸರಿದು ನಿಂತಿರುತ್ತದೆ. ಹೊಸ ಮ್ಯಾಗಜೀನ್ ಹಾಕಿದ ಮೇಲೆ ಅದನ್ನು ಮುಂದಕ್ಕೆ ಬಿಡಬೇಕು. ಅದಕ್ಕೆ ಅರೆಕ್ಷಣ ಹೆಚ್ಚು ಹಿಡಿಯುತ್ತದೆ. ಆ ಅರೆಕ್ಷಣದಲ್ಲಿ ಎದುರಿನವನು ಹೊಡೆದುಬಿಡುತ್ತಾನೆ. ಹೀಗಾಗಿ ಆಡುವವರು ತಮಗೆ ಗೊತ್ತಿಲ್ಲದೆಯೇ ಗುಂಡು ಎಣಿಸಲು ಕಲಿಯುತ್ತಾರೆ. ಹಳೆಯ ಕಾಲ್ ಆಫ್ ಡ್ಯೂಟಿಗಳಲ್ಲಿ ರೀಲೋಡ್ ಒತ್ತಿದ ಕೂಡಲೇ ಬಂದೂಕು ಕಣ್ಣಿನ ಮುಂದಿನಿಂದ ಕೆಳಗಿಳಿಯುತ್ತಿತ್ತು. ಇಲ್ಲಿ ಗುರಿ ಹಿಡಿದುಕೊಂಡೇ ಮ್ಯಾಗಜೀನ್ ಬದಲಿಸಬಹುದು. ಕಿಟಕಿ ಕಟ್ಟೆಗೋ ಗೋಡೆಯ ಅಂಚಿಗೋ ಬಂದೂಕನ್ನು ಆನಿಸಿದರೆ ಅದು ಕುಣಿಯುವುದು ಕಡಿಮೆಯಾಗುತ್ತದೆ. ಶಬ್ದವೂ ಹಾಗೆಯೇ. ಬಯಲಲ್ಲಿ ಹಾರಿಸಿದ ಗುಂಡು ದೂರ ಹೋಗಿ ಕರಗುತ್ತದೆ. ಅದೇ ಬಂದೂಕನ್ನು ಸಣ್ಣ ಕೋಣೆಯಲ್ಲಿ ಹಾರಿಸಿದರೆ ನಾಲ್ಕೂ ಗೋಡೆಗಳಿಂದ ವಾಪಸ್ ಬಂದು ಕಿವಿಗೆ ಬಡಿಯುತ್ತದೆ. ಈ ಕೆಲಸವನ್ನು ಇಷ್ಟು ಚೆನ್ನಾಗಿ ಮಾಡಿದ ಬೇರೆ ದೊಡ್ಡ ಗೇಮ್ ಆ ಹೊತ್ತಿಗೆ ನಾನು ಕಂಡಿರಲಿಲ್ಲ.

ಇನ್ನು ‘ಕ್ಲೀನ್ ಹೌಸ್’. ಇಡೀ ಗೇಮ್‌ನಲ್ಲಿ ಒಂದೇ ಒಂದು ಮಿಷನ್, ಅಂದರೆ ಕಥೆಯ ಒಂದೇ ಒಂದು ಘಟ್ಟ, ಆಡಿ ಅಂದರೆ ನಾನು ಹೇಳುವುದು ಇದನ್ನೇ. ಲಂಡನ್ನಿನ ಕ್ಯಾಮ್ಡನ್‌ನಲ್ಲಿ ಒಂದು ಇಕ್ಕಟ್ಟಾದ ಮಹಡಿ ಮನೆ. ಕಥೆಯಲ್ಲಿ ಇದಕ್ಕೂ ಮೊದಲು ಅದೇ ಲಂಡನ್ನಿನ ಪಿಕಡಿಲಿಯಲ್ಲಿ ದಾಳಿ ಮಾಡಿದವರ ಜಾಡು ಹಿಡಿದು ಪ್ರೈಸ್‌ನ ತಂಡ ರಾತ್ರಿ ಒಳಗೆ ನುಗ್ಗುತ್ತದೆ. ನೀವು ಕೈಲ್ ಗ್ಯಾರಿಕ್ ಎಂಬ ಸೈನಿಕ. ದೀಪ ಆರಿಸಿ ಕತ್ತಲೆಯಲ್ಲಿ ಕಾಣುವ ಕನ್ನಡಕ ಹಾಕಿಕೊಂಡು ಒಂದೊಂದೇ ಮೆಟ್ಟಿಲು ಹತ್ತಬೇಕು.

ಇಲ್ಲಿ ಹಿನ್ನೆಲೆ ಸಂಗೀತದ ಅಬ್ಬರವಿಲ್ಲ. ಮೆಟ್ಟಿಲು ಕಿರುಗುಡುವ ಸದ್ದು, ಗೋಡೆಯಾಚೆ ಯಾರೋ ಪಿಸುಗುಡುವುದು, ತಂಡದವರ ಚುಟುಕು ಮಾತು, ಅಷ್ಟೇ. ಬಾಗಿಲ ಹಿಂದಿನಿಂದಲೇ ಗುಂಡು ಹಾರಿಸುವವರು ಇದ್ದಾರೆ. ಕೈ ಮೇಲೆತ್ತಿದವರು ಇದ್ದಾರೆ. ಒಂದು ಕೋಣೆಯಲ್ಲಿ ಹೆಂಗಸೊಬ್ಬಳು ಧಡಕ್ಕನೆ ಓಡುತ್ತಾಳೆ. ನಿಮ್ಮ ಬೆರಳು ಟ್ರಿಗರ್ ಮೇಲಿರುತ್ತದೆ. ಅವಳು ಓಡಿದ್ದು ತೊಟ್ಟಿಲಲ್ಲಿದ್ದ ಮಗುವನ್ನು ಎತ್ತಿಕೊಳ್ಳಲು. ಮೇಲೆ, ಅಟ್ಟದಲ್ಲಿ, ಇನ್ನೊಬ್ಬಳು ಹೊಡೆಯಬೇಡಿ ಅಂತ ಗೋಗರೆಯುತ್ತಾಳೆ. ಅವಳ ಕೈ ಮಾತ್ರ ಬಾಂಬಿನ ಸ್ವಿಚ್ ಕಡೆಗೆ ಹೋಗುತ್ತಿರುತ್ತದೆ. ಎರಡೂ ಸಲ ನಿಮಗೆ ಸಿಗುವುದು ಒಂದು ಕ್ಷಣ ಮಾತ್ರ. ಸಾಮಾನ್ಯವಾಗಿ ಶೂಟರ್ ಗೇಮ್‌ಗಳಲ್ಲಿ ವೇಗವಾಗಿ ಗುಂಡು ಹಾರಿಸಿದವರಿಗೆ ಮರ್ಯಾದೆ. ಇಲ್ಲಿ ಗುಂಡು ಹಾರಿಸದೆ ತಡೆದುಕೊಳ್ಳುವುದು ಕಷ್ಟದ ಕೆಲಸ. ಆ ಮನೆಯಿಂದ ಹೊರಗೆ ಬಂದಾಗ ಗೆದ್ದೆ ಅಂತ ಅನಿಸುವುದಿಲ್ಲ. ಮಾಡಿದವರು ಅದನ್ನು ಬೇಕಂತಲೇ ಹಾಗೆ ಕಟ್ಟಿದ್ದಾರೆ. ಅದಕ್ಕಾಗಿ ಅವರನ್ನು ಎಷ್ಟು ಹೊಗಳಿದರೂ ನನಗೆ ಸಾಲದು.

ಇಷ್ಟು ಮಾಡಬಲ್ಲವರು ‘ಹೈವೇ ಆಫ್ ಡೆತ್’ ಎಂಬ ಮಿಷನ್ ಮಾಡಿದ್ದು ಹೇಗೆ?

ಗೇಮ್‌ನ ಬಹುಪಾಲು ಕಥೆ ನಡೆಯುವುದು ಉರ್ಜಿಕ್‌ಸ್ತಾನ್ ಎಂಬ ದೇಶದಲ್ಲಿ. ಭೂಪಟದಲ್ಲಿ ಅಂಥ ದೇಶವಿಲ್ಲ. ರಷ್ಯಾ ಸೇನೆ ಅದನ್ನು ಆಕ್ರಮಿಸಿಕೊಂಡಿದೆ. ಫರಾಹ್ ಕರೀಮ್ ಎಂಬ ಹೋರಾಟಗಾರ್ತಿ ಅದರ ವಿರುದ್ಧ ನಿಂತಿದ್ದಾಳೆ. ಈ ಮಿಷನ್‌ನಲ್ಲಿ ಸುಟ್ಟು ಕರಕಲಾದ ಕಾರು, ಬಸ್ಸುಗಳು ಸಾಲುಗಟ್ಟಿ ನಿಂತ ಒಂದು ಹೆದ್ದಾರಿಯ ಪಕ್ಕ ಹೊಂಚು ಹಾಕಿ ಕೂರಬೇಕು. ಇದೇನು ಅಂದರೆ, ಆಕ್ರಮಣದ ಸಮಯದಲ್ಲಿ ರಷ್ಯನ್ನರು ಈ ರಸ್ತೆಯ ಮೇಲೆ ಬಾಂಬ್ ಹಾಕಿ, ತಪ್ಪಿಸಿಕೊಂಡು ಹೋಗುತ್ತಿದ್ದವರನ್ನು ಕೊಂದರು ಅಂತ ಪಾತ್ರಗಳು ಹೇಳುತ್ತವೆ.

ಆ ಹೆಸರಿನ ರಸ್ತೆ ನಿಜವಾಗಿಯೂ ಇದೆ. ಕುವೈತ್‌ನಿಂದ ಇರಾಕಿನ ಬಸ್ರಾ ಕಡೆಗೆ ಹೋಗುವ 80ನೇ ಹೆದ್ದಾರಿ. 1991ರ ಫೆಬ್ರವರಿ 26ರ ರಾತ್ರಿ ಮತ್ತು 27ರಂದು, ತಾನು ಆಕ್ರಮಿಸಿಕೊಂಡಿದ್ದ ಕುವೈತ್ ಬಿಟ್ಟು ವಾಪಸ್ ಹೋಗುತ್ತಿದ್ದ ಇರಾಕಿ ಸೇನೆಯ ಮೇಲೆ ಅಮೆರಿಕ ನೇತೃತ್ವದ ಮಿತ್ರಪಡೆಗಳ ವಿಮಾನಗಳು ದಾಳಿ ಮಾಡಿದವು. ಮುತ್ಲಾ ದಿಬ್ಬದ ಹತ್ತಿರ ಸಾಲಿನ ಮುಂದಿನ ಮತ್ತು ಹಿಂದಿನ ವಾಹನಗಳನ್ನು ಮೊದಲು ಒಡೆದರು. ನಡುವೆ ಸಿಕ್ಕಿಕೊಂಡವರಿಗೆ ಹೋಗಲು ದಾರಿಯೇ ಇರಲಿಲ್ಲ. ಗಂಟೆಗಟ್ಟಲೆ ಬಾಂಬ್ ಬಿತ್ತು. ಸೇನೆಯ ಲಾರಿಗಳ ಜೊತೆ, ಕುವೈತಿನಲ್ಲಿ ಕದ್ದು ತಂದ ಕಾರುಗಳು, ಬಸ್ಸುಗಳು, ಒಟ್ಟು ಸಾವಿರಕ್ಕೂ ಹೆಚ್ಚು ವಾಹನಗಳು ಅಲ್ಲೇ ಉಳಿದವು. ಎಷ್ಟು ಜನ ಸತ್ತರು ಅನ್ನುವ ಬಗ್ಗೆ ಇವತ್ತಿಗೂ ಒಮ್ಮತವಿಲ್ಲ. ಸೋತು ಓಡುತ್ತಿರುವವರನ್ನು ಹೀಗೆ ಹೊಡೆಯುವುದು ಸರಿಯೇ ಅಂತ ಆಗಲೇ ಜಗತ್ತಿನಾದ್ಯಂತ ಚರ್ಚೆಯಾಯಿತು. ಫೆಬ್ರವರಿ 28ರಂದು ಯುದ್ಧ ನಿಂತಿತು.

ಅಮೆರಿಕದ ವಿಮಾನಗಳು ಮಾಡಿದ ಕೆಲಸವನ್ನು ಅಮೆರಿಕದ ಕಂಪನಿಯೊಂದು ಎತ್ತಿ ರಷ್ಯಾದ ತಲೆಗೆ ಕಟ್ಟಿತು. ಹೆಸರನ್ನೂ ಬದಲಾಯಿಸಲಿಲ್ಲ.

ಈ ಮಿಷನ್‌ನಲ್ಲೇ ಇನ್ನೊಂದು ಸಂಗತಿ ಇದೆ. ನಿಮ್ಮ ಕೈಗೆ ದೂರ ಹೊಡೆಯುವ ಸ್ನೈಪರ್ ಬಂದೂಕು ಕೊಡುತ್ತಾರೆ. ದೂರ ಹೆಚ್ಚಾದಷ್ಟೂ ಗುಂಡು ಕೆಳಗಿಳಿಯುತ್ತದೆ, ಗಾಳಿಗೆ ಪಕ್ಕಕ್ಕೆ ಸರಿಯುತ್ತದೆ. ಅದನ್ನೆಲ್ಲ ಲೆಕ್ಕ ಹಾಕಿ ಗುರಿ ಇಡಬೇಕು. ಒಂದು ಗುಂಡು ಎಷ್ಟು ಇಳಿಯುತ್ತದೆ ಅನ್ನುವುದಕ್ಕೆ ತಲೆ ಕೆಡಿಸಿಕೊಂಡವರು, ಕೆಳಗೆ ಕಾಣುವ ರಸ್ತೆಯಲ್ಲಿ ಏನಾಯಿತು ಅನ್ನುವುದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

"ಕಾಲ್ಪನಿಕ ದೇಶ ತಾನೇ, ಯಾಕಿಷ್ಟು ಸಿಟ್ಟು?" ಅಂತ ಕೆಲವರು ಕೇಳುತ್ತಾರೆ. ದೇಶ ಕಾಲ್ಪನಿಕ, ಸರಿ. ರಷ್ಯಾ ಕಾಲ್ಪನಿಕ ಅಲ್ವಲ್ಲ. ಆ ರಸ್ತೆಯ ಹೆಸರೂ ಕಾಲ್ಪನಿಕವಲ್ಲ. ರಷ್ಯಾದ ಸೇನೆ ಮಾಡಿದ ಅನಾಹುತಗಳನ್ನೇ ತೋರಿಸಬೇಕಿದ್ದರೆ ನಿಜವಾದವು ಬೇಕಾದಷ್ಟು ಇವೆ. 1999–2000ರಲ್ಲಿ ಚೆಚೆನ್ಯಾದ ಗ್ರೋಜ್ನಿ ನಗರವನ್ನು ನೆಲಸಮ ಮಾಡಿದ್ದನ್ನು ಯಾರೂ ಮರೆತಿಲ್ಲ. ಅದನ್ನು ಆಧಾರವಾಗಿ ಇಟ್ಟುಕೊಂಡಿದ್ದರೆ ನಾನು ಚಕಾರ ಎತ್ತುತ್ತಿರಲಿಲ್ಲ. ಈ ಗೇಮ್‌ನಲ್ಲಿ ರಷ್ಯಾವನ್ನು ತೋರಿಸಿದ ರೀತಿಗೆ ಆ ದೇಶದಲ್ಲಿ ದೊಡ್ಡ ಗಲಾಟೆಯೇ ಆಯಿತು. ಅಲ್ಲಿನ ಪ್ಲೇಸ್ಟೇಷನ್ ಸ್ಟೋರಿನಲ್ಲಿ ಗೇಮ್ ಮಾರಾಟಕ್ಕೇ ಬರಲಿಲ್ಲ.

ನಮ್ಮ ಓದುಗರಿಗೂ ಇದು ದೂರದ ಮಾತಲ್ಲ. 1990ರ ಆಗಸ್ಟ್‌ನಲ್ಲಿ ಸದ್ದಾಂ ಹುಸೇನ್ ಕುವೈತ್‌ಗೆ ನುಗ್ಗಿದಾಗ ಅಲ್ಲಿ ಸಿಕ್ಕಿಬಿದ್ದ ಭಾರತೀಯರಲ್ಲಿ ಮಂಗಳೂರು, ಉಡುಪಿ ಕಡೆಯವರೂ ಇದ್ದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು ಅಲ್ಲಿಂದ ಹೊರಬಂದರು. ಬಹಳಷ್ಟು ಜನ ಇರಾಕ್ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನ ಹತ್ತಿದರು. ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ಯುದ್ಧದ ಕಥೆ ದೊಡ್ಡಪ್ಪನ ಬಾಯಿಂದಲೋ ಮಾವನ ಬಾಯಿಂದಲೋ ಕೇಳಿ ಗೊತ್ತು. ಆ ಮನೆಯ ಹುಡುಗ ಇವತ್ತು ಈ ಗೇಮ್ ಆಡಿ ‘ಹೈವೇ ಆಫ್ ಡೆತ್’ ಅಂದರೆ ರಷ್ಯನ್ನರು ಮಾಡಿದ್ದು ಅಂತ ನಂಬಿದರೆ ತಪ್ಪು ಅವನದಲ್ಲ. ಗೇಮ್‌ನಲ್ಲಿ ಉಳಿದಿದ್ದೆಲ್ಲ ಅಷ್ಟು ಖಚಿತವಾಗಿರುವಾಗ ಇದನ್ನೊಂದನ್ನು ಅವನು ಯಾಕೆ ಅನುಮಾನಿಸಬೇಕು?

ಇದರ ಹಿಂದೆಯೇ ಬರುವ ಇನ್ನೊಂದು ತಕರಾರು ಬಿಳಿ ರಂಜಕದ್ದು. ಕಥೆಯಲ್ಲಿ ವಿಷಾನಿಲ ಬಳಸುವುದು ದೊಡ್ಡ ಪಾಪ. ಫರಾಹ್‌ಳ ಸ್ವಂತ ಅಣ್ಣ ಹದೀರ್ ಅದನ್ನು ಬಳಸಿದ ಅಂತ ಅವಳು ಅವನನ್ನೇ ದೂರ ಮಾಡುತ್ತಾಳೆ. ಕಥೆಯ ತುಂಬಾ ಗಟ್ಟಿಯಾದ ಭಾಗ ಅದು. ಆದರೆ ಕಥೆ ಮುಗಿಸಿ, ಆನ್‌ಲೈನಿನಲ್ಲಿ ಬೇರೆಯವರ ಜೊತೆ ಆಡುವ ಮಲ್ಟಿಪ್ಲೇಯರ್‌ಗೆ ಬನ್ನಿ. ಸಾಯದೆ ಸತತ 10 ಜನರನ್ನು ಕೊಂದರೆ ಬಹುಮಾನವಾಗಿ ಇಡೀ ಮ್ಯಾಪ್ (ಆಟ ನಡೆಯುವ ಜಾಗ) ಮೇಲೆ ಬಿಳಿ ರಂಜಕ ಸುರಿಸಬಹುದು. ಮೈಗೆ ಅಂಟಿಕೊಂಡು ಉರಿಯುವ ವಸ್ತು ಅದು. 2004ರಲ್ಲಿ ಇರಾಕಿನ ಫಲ್ಲೂಜಾದಲ್ಲಿ ಅದನ್ನು ಆಯುಧವಾಗಿ ಬಳಸಿದ್ದನ್ನು ಮರುವರ್ಷ ಅಮೆರಿಕದ ರಕ್ಷಣಾ ಇಲಾಖೆಯೇ ಒಪ್ಪಿಕೊಂಡಿತ್ತು. ಒಂದೇ ಡಿಸ್ಕಿನಲ್ಲಿ ಒಂದು ಪಾಪ, ಇನ್ನೊಂದು ಬಹುಮಾನ. ಮಾಡಿದವರಲ್ಲಿ ಯಾರೂ ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಲಿಲ್ಲವೇನೋ ಅನಿಸುತ್ತದೆ.

ಫರಾಹ್ ಸೆರೆಮನೆಯಲ್ಲಿರುವ ದೃಶ್ಯವೂ ನನಗೆ ಸರಿಹೋಗಲಿಲ್ಲ. ಮುಖದ ಮೇಲೆ ಬಟ್ಟೆ ಹಾಕಿ ನೀರು ಸುರಿಯುತ್ತಾರೆ. ಉಸಿರಾಡಲು ನೀವು ತಲೆಯನ್ನು ಆಚೀಚೆ ತಿರುಗಿಸಬೇಕು. ಚಿತ್ರಹಿಂಸೆಯನ್ನು ತೋರಿಸಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ಸರಿಯಾದ ಹೊತ್ತಿಗೆ ಸರಿಯಾದ ಕಡೆ ತಿರುಗಿದರೆ ಪಾರಾಗಬಹುದು ಅಂತ ಮಾಡಿದ ಕೂಡಲೇ ಅದು ಒಂದು ಆಟದ ಪಟ್ಟು ಆಗಿಬಿಡುತ್ತದೆ. ಚಿತ್ರಹಿಂಸೆಗೆ ಒಳಗಾದವರ ಕೈಯಲ್ಲಿ ಏನೂ ಇರುವುದಿಲ್ಲ.

2007ರ ಗೇಮ್ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕವಾಗಿತ್ತು. ಅದರಲ್ಲಿ ಅಣುಬಾಂಬ್ ಸಿಡಿದ ಮೇಲೆ, ನೀವು ಅಷ್ಟು ಹೊತ್ತು ಆಡಿದ ಜಾಕ್ಸನ್ ಎಂಬ ಅಮೆರಿಕನ್ ಸೈನಿಕ ಬಿದ್ದ ಹೆಲಿಕಾಪ್ಟರಿನಿಂದ ತೆವಳಿಕೊಂಡು ಹೊರಬರುತ್ತಾನೆ. ಸ್ವಲ್ಪ ದೂರ ನಡೆದು ಬೀಳುತ್ತಾನೆ, ಸಾಯುತ್ತಾನೆ. ಯಾವ ಗುಂಡಿ ಒತ್ತಿದರೂ ಅವನನ್ನು ಉಳಿಸಲು ಆಗುವುದಿಲ್ಲ. ಗ್ರಾಫಿಕ್ಸ್ ಈಗ ಹಳೆಯದಾಗಿ ಕಂಡರೂ ಆ ದೃಶ್ಯದ ಮಾತು ಹಳೆಯದಾಗಿಲ್ಲ.

ಮಲ್ಟಿಪ್ಲೇಯರ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಇಬ್ಬರ ವಿರುದ್ಧ ಇಬ್ಬರು ಆಡುವ ‘ಗನ್‌ಫೈಟ್’ ನನಗೆ ತುಂಬಾ ಇಷ್ಟ. ಸಣ್ಣ ಜಾಗ, ಎರಡೂ ಕಡೆಗೆ ಒಂದೇ ಬಂದೂಕು, ಚುಟುಕು ಸುತ್ತುಗಳು. ಗೆದ್ದರೆ ಕೈಚಳಕದಿಂದ, ಸೋತರೂ ಕಾರಣ ಗೊತ್ತಾಗುತ್ತದೆ. 64 ಜನ ಆಡುವ ‘ಗ್ರೌಂಡ್ ವಾರ್’ ನೋಡಲು ಭರ್ಜರಿ, ಆಡಲು ಸುಸ್ತು. ಮ್ಯಾಪ್‌ಗಳ ತುಂಬಾ ಕಿಟಕಿ, ಬಾಗಿಲು, ಮೂಲೆಗಳು. ಹೆಜ್ಜೆ ಸಪ್ಪಳ ಜೋರಾಗಿ ಕೇಳುತ್ತದೆ. ಜೊತೆಗೆ ಬಂದೂಕನ್ನು ಗೋಡೆಗೆ ಆನಿಸುವ ಸೌಕರ್ಯ. ಹೀಗಾಗಿ ಮೂಲೆಯಲ್ಲಿ ಅಲ್ಲಾಡದೆ ಕೂತವರಿಗೇ ಲಾಭ. ದುಡ್ಡಿನ ವಿಷಯದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದರು. ಹೊಸ ಮ್ಯಾಪ್‌ಗಳನ್ನು ಎಲ್ಲರಿಗೂ ಪುಕ್ಕಟೆ ಕೊಟ್ಟರು, ಕಂಪ್ಯೂಟರಿನವರೂ ಕನ್ಸೋಲಿನವರೂ ಒಟ್ಟಿಗೆ ಆಡುವಂತೆ ಮಾಡಿದರು. 2020ರ ಮಾರ್ಚ್‌ನಲ್ಲಿ ಇದರ ಮೇಲೆಯೇ, ಪಬ್‌ಜಿಯಂತೆ ಕೊನೆಗೆ ಉಳಿದವರೇ ಗೆಲ್ಲುವ ‘ವಾರ್‌ಜೋನ್’ ಬಂತು, ಅದೂ ಉಚಿತ. ಆದರೆ ಅಪ್‌ಡೇಟ್ ಮೇಲೆ ಅಪ್‌ಡೇಟ್ ಬಂದು ಒಂದು ಹಂತದಲ್ಲಿ ಗೇಮ್ 200 ಜಿಬಿ ದಾಟಿತು. ತಿಂಗಳಿಗೆ ಇಷ್ಟೇ ಡೇಟಾ ಅಂತ ಮಿತಿ ಇರುವ ಮನೆಗಳಲ್ಲಿ ಅದು ಸಣ್ಣ ಕಷ್ಟವಲ್ಲ.

ಹಾಗಾದರೆ ಆಡಬೇಕಾ, ಬೇಡವಾ? ವಯಸ್ಸು 18 ಆಗಿದ್ದರೆ ಆಡಿ. ಯುರೋಪಿನಲ್ಲಿ ಇದಕ್ಕೆ 18ರ ಮಿತಿ ಹಾಕಿದ್ದಾರೆ. ಆ ಮಿತಿ ಸರಿಯಾಗಿಯೇ ಇದೆ. ‘ಹೋಮ್‌ಟೌನ್’ ಮಿಷನ್‌ನಲ್ಲಿ ಪುಟ್ಟ ಹುಡುಗಿಯೊಬ್ಬಳ ಕಣ್ಣೆದುರೇ ಅವಳ ಅಪ್ಪನನ್ನು ಕೊಲ್ಲುತ್ತಾರೆ, ಆ ಹುಡುಗಿಯಾಗಿ ಆಡಬೇಕಾದವರು ನೀವು. ಎಂಟನೇ ಕ್ಲಾಸಿನ ಮಗನಿಗೆ ಕೊಡಿಸಲಾ ಅಂತ ಕೇಳುವ ಅಪ್ಪ ಅಮ್ಮಂದಿರಿಗೆ ಬೇಡ ಅಂತಲೇ ನಾನು ಹೇಳುವುದು.

ಕೊಳ್ಳುವುದಾದರೆ ಆಫರ್ ಬಂದಾಗ ಕೊಳ್ಳಿ, ಕ್ಯಾಂಪೇನ್, ಅಂದರೆ ಕಥೆಯ ಭಾಗ, ಮೊದಲು ಆಡಿ. ‘ಕ್ಲೀನ್ ಹೌಸ್’ ಅನ್ನು ಹೆಡ್‌ಫೋನ್ ಹಾಕಿಕೊಂಡು, ಅವಸರ ಮಾಡದೆ ಆಡಿ. ‘ಹೈವೇ ಆಫ್ ಡೆತ್’ ಶುರುವಾಗುವ ಮೊದಲು ಗೇಮ್ ನಿಲ್ಲಿಸಿ, 1991ರ ಆ 80ನೇ ಹೆದ್ದಾರಿಯ ಫೋಟೋಗಳನ್ನು ಹುಡುಕಿ ನೋಡಿ. ಮನೆಯಲ್ಲಿ ಆಗ ಕುವೈತಿನಲ್ಲಿದ್ದವರು ಯಾರಾದರೂ ಇದ್ದರೆ ಅವರನ್ನೇ ಕೇಳಿ. ಆಮೇಲೆ ಬಂದು ಮಿಷನ್ ಮುಂದುವರಿಸಿ.