ಬೆಣ್ಣೆಹಣ್ಣಿನ ಕಸಿ ಚಿಗುರಿತು

ಇವತ್ತು ಬೆಳಗ್ಗೆ ಪ್ಲಾಸ್ಟಿಕ್ ಕವರ್ ಒಳಗೆ ಕೆಂಪು ಚಿಗುರು ಕಂಡಿತು. ಬೆಣ್ಣೆಹಣ್ಣಿನ ಕಸಿ ಹಿಡಿದಿದೆ! ಪೆನ್ಸಿಲ್ ದಪ್ಪದ ಕಡ್ಡಿಯನ್ನು ಬೆಣೆಯಂತೆ ಕೆತ್ತಿ, ಗಿಡದ ಸೀಳಿನಲ್ಲಿ ಕೂರಿಸಿ ಕಟ್ಟಿದ್ದೆ. ಒಂದು ಬದಿಯಲ್ಲಾದರೂ ಸಿಪ್ಪೆಯ ಕೆಳಗಿನ ಹಸಿರು ಪದರಗಳು ಸೇರಬೇಕು, ಗುಟ್ಟು ಅಷ್ಟೇ.

ಕಡ್ಡಿ ಮಡಿಕೇರಿಯ ಸ್ನೇಹಿತರ ಕಾಫಿ ತೋಟದ್ದು. ಆ ಮರವನ್ನು ನೆಟ್ಟಿದ್ದು ಅವರ ಅಜ್ಜಿ. ಬೀಜ ಹಾಕಿದರೆ ಅದೇ ರುಚಿ ಬರುತ್ತದೆ ಅಂತ ಖಾತ್ರಿ ಇಲ್ಲ. ಕಸಿಯಲ್ಲಿ ಬರುವುದು ಅದೇ ಮರ, ಅಲ್ವಾ? ಅಜ್ಜಿ ಈಗಿಲ್ಲ. ಅವರ ಮರ ಮೈಸೂರಿನ ನಮ್ಮ ಹಿತ್ತಲಲ್ಲಿ ಚಿಗುರುತ್ತಿದೆ. ಸುಮ್ನೆ ನೋಡುತ್ತಾ ನಿಂತುಬಿಟ್ಟೆ.

ಇದರ ಹೂ ಎರಡು ಸಲ ಅರಳುತ್ತದೆ, ಮೊದಲು ಹೆಣ್ಣಾಗಿ, ಆಮೇಲೆ ಗಂಡಾಗಿ. ಜೊತೆಗೆ, ಇದು ಹೆಣ್ಣಾಗಿರುವಾಗ ಗಂಡಾಗಿ ಅರಳುವ ಬೇರೆ ತಳಿಯ ಗಿಡವಿದ್ದರೆ ಕಾಯಿ ಜಾಸ್ತಿ. ಅದಕ್ಕೂ ಜಾಗ ನೋಡಿಟ್ಟಿದ್ದೇನೆ, ಬಾವಿಯ ಪಕ್ಕ.